ಹತ್ತು ಸಾವಿರದ ಸಾಲ, ಐವತ್ತು ವಾರದ ಕಂತು

2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಮೈಕ್ರೋಫೈನಾನ್ಸ್ ಕಿರುಕುಳ ತಡೆಯೋಕೆ ಸುಗ್ರೀವಾಜ್ಞೆ ತಂದಾಗ, ತುಂಬಾ ಜನ ಇದನ್ನ ಹೊಸ ಸಮಸ್ಯೆ ಅಂದುಕೊಂಡರು. ಹೊಸದೇನಲ್ಲ. ಇವತ್ತು ನಾನು ನಿಮ್ಮನ್ನ ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ, ಹೈದರಾಬಾದಿನ ಬಸ್ತಿಗಳಿಗೆ ಕರ್ಕೊಂಡು ಹೋಗ್ತೀನಿ.

2005ನ್ನು ವಿಶ್ವಸಂಸ್ಥೆ ಕಿರುಸಾಲದ ವರ್ಷ ಅಂತ ಘೋಷಿಸಿತ್ತು. ಮರುವರ್ಷ ಬಾಂಗ್ಲಾದೇಶದ ಮುಹಮ್ಮದ್ ಯೂನುಸ್ ಮತ್ತು ಅವರ ಗ್ರಾಮೀಣ ಬ್ಯಾಂಕಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಹೆಣ್ಣುಮಕ್ಕಳ ಕೈಗೆ ಒಂದಿಷ್ಟು ದುಡ್ಡು ಕೊಟ್ಟರೆ ಸಾಕು, ಬಡತನ ತಾನಾಗೇ ಹೋಗತ್ತೆ ಅನ್ನೋ ನಂಬಿಕೆ ಜೋರಾಗಿತ್ತು. ಅಳೆದು ನೋಡಿದವರು ಮಾತ್ರ ಕಡಿಮೆ.

ಸ್ಪಂದನ ಅನ್ನೋ ಸಂಸ್ಥೆ ಹೈದರಾಬಾದಿಗೆ ಬರೋ ಹೊತ್ತಿಗೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಆ ಕೆಲಸಕ್ಕೆ ಕೈ ಹಾಕಿದರು. 104 ಬಡ ಬಡಾವಣೆಗಳು. ಲಾಟರಿ ಎತ್ತಿದ ಹಾಗೆ ಆರಿಸಿ 52ರಲ್ಲಿ ಮೊದಲು ಶಾಖೆ ತೆರೆಸಿದರು, ಉಳಿದ 52 ಕಾಯಬೇಕಾಯಿತು.

ಸಾಲದ ಲೆಕ್ಕ ನೋಡಿ. ಆರರಿಂದ ಹತ್ತು ಹೆಂಗಸರ ಒಂದು ಗುಂಪು. ಮೊದಲ ಸಲ 10,000 ರೂಪಾಯಿ, 50 ವಾರದ ಕಂತು. ಬಡ್ಡಿ ನೂರಕ್ಕೆ 12 ಅಂತ ಹೇಳ್ತಿದ್ದರು. ಆದ್ರೆ ವಾರವಾರ ಅಸಲು ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಹತ್ತು ಸಾವಿರದ ಮೇಲೆ! ಹಾಗಾಗಿ ನಿಜವಾದ ದರ ಸುಮಾರು 24. ವಾರಕ್ಕೆ 224 ರೂಪಾಯಿ ಕಟ್ಟಬೇಕು. ಒಬ್ಬಳು ಕಟ್ಟದಿದ್ದರೆ ಉಳಿದವರು ಕೈಯಿಂದ ಹಾಕಬೇಕು. ಅಡಮಾನ ಇಲ್ಲದ ಸಾಲ ಅಂತ ಇದನ್ನ ಹೊಗಳ್ತಾರಲ್ಲ, ನನ್ನ ಪ್ರಕಾರ ಅಡಮಾನ ಇತ್ತು: ಅಕ್ಕಪಕ್ಕದವರ ಎದುರಿನ ಮರ್ಯಾದೆ. ಹಾಗಂತ ಬಡ್ಡಿ ವ್ಯಾಪಾರಿಗಳ ಹತ್ತಿರ ಹೋಗೋದಕ್ಕಿಂತ ಇದು ಅಗ್ಗವೇ, ಅದನ್ನೂ ಹೇಳಬೇಕು.

ಒಂದೂವರೆ ವರ್ಷದ ಹೊತ್ತಿಗೆ ಮನೆಮನೆ ಸಮೀಕ್ಷೆ ಆಯ್ತು. ಶಾಖೆ ಬಂದ ಕಡೆಯೂ ಇಂಥ ಸಂಸ್ಥೆಗಳಿಂದ ಸಾಲ ಮಾಡಿದ್ದು ಅರ್ಹ ಮನೆಗಳಲ್ಲಿ ನಾಲ್ಕರಲ್ಲಿ ಒಂದರಷ್ಟು. ಜನ ದುಡ್ಡಿಗೆ ಮುಗಿಬೀಳಲಿಲ್ಲ! ಮನೆಗೆ ಬಾಳಿಕೆ ಬರೋ ಸಾಮಾನು, ಅಂಗಡಿಗೆ ಬೇಕಾದ ಸಲಕರಣೆ ಕೊಂಡರು. ಚಹಾ, ಬೀಡಿ, ಹಬ್ಬದ ಖರ್ಚು ಕಡಿಮೆ ಮಾಡಿದರು. ಆದರೆ ಒಟ್ಟು ಮನೆಖರ್ಚು ಏರಲಿಲ್ಲ. ಮಕ್ಕಳ ಓದು, ಆರೋಗ್ಯ, ಮನೆಯಲ್ಲಿ ಹೆಂಗಸಿನ ಮಾತಿಗೆ ಬೆಲೆ, ಯಾವುದರಲ್ಲೂ ಹೇಳಿಕೊಳ್ಳೋ ಬದಲಾವಣೆ ಕಾಣಲಿಲ್ಲ. ಲಾಭ ಕಂಡಿದ್ದು ಮೊದಲೇ ವ್ಯಾಪಾರ ಚೆನ್ನಾಗಿದ್ದವರು.

ಅಂದ್ರೆ ಪವಾಡವೂ ಅಲ್ಲ, ಪಿಡುಗೂ ಅಲ್ಲ. ಆದರೆ ಸಂಸ್ಥೆಗಳ ಪೈಪೋಟಿ ಅಷ್ಟಕ್ಕೇ ನಿಲ್ಲಲಿಲ್ಲ. ಒಂದೇ ಮನೆಗೆ ಮೂರ್ನಾಲ್ಕು ಸಾಲ, ಒಂದರ ಕಂತಿಗೆ ಇನ್ನೊಂದರ ದುಡ್ಡು. 2009ರಲ್ಲೇ ನಮ್ಮ ಕೋಲಾರ, ರಾಮನಗರದ ಕಡೆ ಸ್ಥಳೀಯ ಅಂಜುಮನ್ ಸಮಿತಿಗಳು ಕಂತು ಕಟ್ಟಬೇಡಿ ಅಂದಿದ್ದವು. 2010ರಲ್ಲಿ ಆಂಧ್ರದಿಂದ ಸಾಲಗಾರರ ಆತ್ಮಹತ್ಯೆಯ ವರದಿಗಳು ಬಂದವು. ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ತಂದು ವಾರದ ವಸೂಲಿ ನಿಲ್ಲಿಸಿತು. ವಸೂಲಿ ಕುಸಿಯಿತು.

ಇಲ್ಲಿ ಒಂದು ತಿರುವು ಇದೆ, ಗಮನಿಸಿ. ಆಂಧ್ರದಲ್ಲಿ ದುಡ್ಡು ಕಳ್ಕೊಂಡ ಸಂಸ್ಥೆಗಳು ಬೇರೆ ರಾಜ್ಯಗಳಲ್ಲೂ ಸಾಲ ಕಡಿತ ಮಾಡಿದವು. ಎಮಿಲಿ ಬ್ರೆಜಾ ಮತ್ತು ಸಿಂಥಿಯಾ ಕಿನ್ನನ್ ಆ ಜಿಲ್ಲೆಗಳ ಲೆಕ್ಕ ತೆಗೆದರು. ಅಲ್ಲಿ ದಿನಗೂಲಿ ದರವೇ ಇಳಿದಿತ್ತು. ಸಂಘದ ಸಾಲ ಯಾವತ್ತೂ ತೆಗೆದುಕೊಳ್ಳದ ಕೂಲಿಯವರಿಗೂ ಆ ಪೆಟ್ಟು ಬಿದ್ದಿತ್ತು.