ಅರ್ಜಿ

ಅರಬ್ಬಿಯ ‘ಅರ್ಜ್’ ಎಂದರೆ ಮುಂದಿಡುವುದು, ನಿವೇದಿಸುವುದು. ಪಾರಸಿಯ ದಾರಿ ಹಿಡಿದು ಕನ್ನಡದ ಕಚೇರಿಗೆ ಬಂದ ಅದು ‘ಅರ್ಜಿ’ಯಾಯಿತು, ‘ಗುಜರಾಯಿಸು’ ಕೂಡ ಪಾರಸಿಯ ನಂಟೇ. ವಿಜ್ಞಾಪನೆಯ ತದ್ಭವವಾದ ನಮ್ಮ ‘ಬಿನ್ನಹ’ ದೇವರ ಮುಂದೆ ಉಳಿದುಕೊಂಡಿತು.

ಬಿನ್ನಹಕ್ಕೆ ತಲೆ ತಗ್ಗಬೇಕು. ಅಮೆರಿಕದ ಗ್ರೀನ್ ಕಾರ್ಡಿಗೆ ಹಾಗಲ್ಲ!

ಉದ್ಯೋಗದ ಆಧಾರದ ಐ-140 ಅರ್ಜಿಯನ್ನು ಸಾಮಾನ್ಯವಾಗಿ ಕೆಲಸ ಕೊಟ್ಟವರೇ ಹಾಕಬೇಕು. ಆದರೆ ಅಸಾಧಾರಣ ಸಾಮರ್ಥ್ಯದವರ ವರ್ಗವಾದ ಇಬಿ-1ಎ ಮತ್ತು ‘ರಾಷ್ಟ್ರೀಯ ಹಿತಾಸಕ್ತಿ ವಿನಾಯಿತಿ’ಯಲ್ಲಿ ಸಂಶೋಧಕರು ಸ್ವಯಂ ಅರ್ಜಿದಾರರಾಗಬಹುದು. ಇಬಿ-1ಎಗೆ ಜಾಗತಿಕ ಮಟ್ಟದ ಮಹಾಪ್ರಶಸ್ತಿ ಇರಬೇಕು. ಇಲ್ಲವಾದರೆ 10 ಮಾನದಂಡಗಳಲ್ಲಿ ಕನಿಷ್ಠ 3ಕ್ಕೆ ಪುರಾವೆ ಬೇಕು. ಬರೆದ ಪ್ರಬಂಧ, ಪರರ ಪ್ರಬಂಧಗಳ ಪರಾಮರ್ಶೆ, ಮಹತ್ವದ ಮೂಲ ಕೊಡುಗೆ ಎಲ್ಲವನ್ನೂ ತಾವೇ ಹೊಗಳಿಕೊಳ್ಳಬೇಕು. ಸಂಕೋಚದವರಿಗೆ ಕಷ್ಟ.

ಪ್ರಾಧ್ಯಾಪಕರಿಗೂ ಸಂಶೋಧಕರಿಗೂ ಎಂದೇ ಇರುವ ಇಬಿ-1ಬಿಯಲ್ಲಿ ಮಾತ್ರ ಅರ್ಜಿ ಹಾಕುವುದು ಸಂಸ್ಥೆಯೇ.