ಅತಿಕ್ರಮ ಪ್ರವೇಶ: ಕಾನೂನು ಮತ್ತು ಶಿಕ್ಷೆ

ನಮ್ಮ ತೇರದಾಳದ ನೇಮಿನಾಥ ಬಸದಿಯನ್ನು ಗೊಂಕರಸ 1123ರಲ್ಲಿ ಕಟ್ಟಿಸಿದ. ದರ್ಶನಕ್ಕೆ ಬಂದವರ ಮೇಲೆ ಯಾವ ಕೇಸೂ ಆಗುವುದಿಲ್ಲ. ಹಾಗಾದರೆ ಬಸದಿಯಲ್ಲಿ ಅತಿಕ್ರಮ ಪ್ರವೇಶ ಯಾವಾಗ ಅಪರಾಧವಾಗುತ್ತದೆ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮು ಇದನ್ನು ಹೇಳುತ್ತದೆ. ಬೇರೆಯವರ ಸ್ವಾಧೀನದಲ್ಲಿರುವ ಜಾಗಕ್ಕೆ ಅಪರಾಧ ಮಾಡಲು, ಅಥವಾ ಅವರನ್ನು ಹೆದರಿಸಲು, ಅವಮಾನಿಸಲು, ಪೀಡಿಸಲು ನುಗ್ಗಿದರೆ ಅತಿಕ್ರಮ. ಸರಿಯಾಗಿಯೇ ಬಂದು, ನಂತರ ಅದೇ ಉದ್ದೇಶದಿಂದ ಹೋಗದೆ ನಿಂತರೂ ಅತಿಕ್ರಮವೇ.

ಶಿಕ್ಷೆ ಹೀಗಿದೆ:

• ಹೊಲ, ಖಾಲಿ ಜಾಗ: 3 ತಿಂಗಳವರೆಗೆ ಸೆರೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.
• ಮನೆ, ಪೂಜಾಸ್ಥಳ, ಮಾಲು ಇಡುವ ಗೋದಾಮು: 1 ವರ್ಷದವರೆಗೆ ಸೆರೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.
• ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮೊದಲು ಇಂಥ ಕಟ್ಟಡಕ್ಕೆ ಬೀಗ ಮುರಿದು ನುಗ್ಗಿದರೆ (ಕಲಮು 331): 3 ವರ್ಷದವರೆಗೆ ಸೆರೆ ಮತ್ತು ದಂಡ.
• ಪೂಜಾಸ್ಥಳದ ಮೂರ್ತಿ ಕದ್ದರೆ (ಕಲಮು 305): 7 ವರ್ಷದವರೆಗೆ ಸೆರೆ ಮತ್ತು ದಂಡ.

ಇನ್ನೊಂದು ಮಾತು ವ್ಯಾಪಾರಿಗಳಿಗೂ ಬಸದಿ ಕಮಿಟಿಯವರಿಗೂ. ಕಾನೂನು ನೋಡುವುದು ಸ್ವಾಧೀನವನ್ನು. ಮಳಿಗೆಯ ಬಾಡಿಗೆದಾರ ಬಾಡಿಗೆ ಬಾಕಿ ಇಟ್ಟಿದ್ದರೂ ಸ್ವಾಧೀನ ಅವನದೇ. ಅವನನ್ನು ಹೆದರಿಸಲು ಬೀಗ ಒಡೆದು ಒಳಹೋದರೆ ಮಾಲೀಕನೇ ಆರೋಪಿಯಾಗಬಹುದು. ಬಾಕಿಗೆ, ತೆರವಿಗೆ ಸಿವಿಲ್ ಕೋರ್ಟಿಗೆ ಹೋಗಬೇಕು.

ಯಾರಾದರೂ ನುಗ್ಗಿದರೆ ಕೈ ಮಾಡಬೇಡಿ. ಸಾಕ್ಷಿಗಳ ಎದುರಿಗೆ ಹೊರಗೆ ಹೋಗಲು ಹೇಳಿ, ಹೋಗದಿದ್ದರೆ 112ಕ್ಕೆ ಫೋನ್ ಮಾಡಿ. ಅವರು ಆಡಿದ ಮಾತು, ಬಂದ ವೇಳೆ ಬರೆದಿಡಿ. ಉದ್ದೇಶ ಸಾಬೀತು ಮಾಡಲು ಅದೇ ಬೇಕಾಗುತ್ತದೆ.