ಉಪಾಯ ಇತ್ತು, ಒಪ್ಪಿಗೆ ಇರಲಿಲ್ಲ: ಡೇಟೋನಾ 500 ಮತ್ತು ಸುರಕ್ಷತೆಯ ಆರು ದಶಕ

ಅಮೆರಿಕದ ಫ್ಲಾರಿಡಾದಲ್ಲಿ ಪ್ರತಿವರ್ಷ ಫೆಬ್ರವರಿಯಲ್ಲಿ ನಡೆಯುವ ಡೇಟೋನಾ 500 ಸ್ಟಾಕ್ ಕಾರ್ ರೇಸುಗಳಲ್ಲೆಲ್ಲ ದೊಡ್ಡದು. ಎರಡೂವರೆ ಮೈಲಿ ಉದ್ದದ ಟ್ರ್ಯಾಕ್ ತಿರುವುಗಳಲ್ಲಿ 31 ಡಿಗ್ರಿ ವಾಲಿಕೊಂಡಿದೆ. ಸುಮಾರು ನಲವತ್ತು ಕಾರುಗಳು ಗಂಟೆಗೆ 300 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ, ಒಂದರ ಬಂಪರಿಗೆ ಇನ್ನೊಂದು ತಾಗುವಷ್ಟು ಹತ್ತಿರದಲ್ಲಿ 200 ಸುತ್ತು ಓಡುತ್ತವೆ. ಗ್ಯಾಲರಿಗಳಲ್ಲಿ ಸುಮಾರು ಒಂದು ಲಕ್ಷ ಜನ ಕೂತಿರುತ್ತಾರೆ. ಇಂಥ ಕಡೆ ಒಂದು ಟೈರು ಹರಿದರೂ ಅನಾಹುತಕ್ಕೆ ಸಾಕು.

ಇಂದು ಅಲ್ಲಿ ಕಾಣುವ ಸುರಕ್ಷತಾ ವ್ಯವಸ್ಥೆ ಒಂದೇ ಸಲ ಬಂದದ್ದಲ್ಲ. ಬಹುತೇಕ ಪ್ರತಿಯೊಂದು ನಿಯಮದ ಹಿಂದೆ ಒಂದು ಸಾವು ಅಥವಾ ಸಾವಿನ ಅಂಚಿನವರೆಗೆ ಹೋಗಿಬಂದ ಒಂದು ಘಟನೆ ಇದೆ. ಈ ಇತಿಹಾಸವನ್ನು ಹತ್ತಿರದಿಂದ ಓದಿದರೆ ಇನ್ನೂ ನೋವಿನ ಸಂಗತಿಯೊಂದು ಎದುರಾಗುತ್ತದೆ. ಮತ್ತೆ ಮತ್ತೆ, ಜೀವ ಉಳಿಸಬಲ್ಲ ಉಪಾಯ ಮೊದಲೇ ಗೊತ್ತಿತ್ತು. ಅದನ್ನು ಒಪ್ಪಿಕೊಳ್ಳುವುದು ಮಾತ್ರ ತಡವಾಯಿತು.

ಬೆಂಕಿ ಮತ್ತು ಕಿಟಕಿ

1947ರ ಡಿಸೆಂಬರಿನಲ್ಲಿ ರೇಸು ಸಂಘಟಕ ಬಿಲ್ ಫ್ರಾನ್ಸ್ ಡೇಟೋನಾ ಬೀಚಿನ ಹೋಟೆಲೊಂದರಲ್ಲಿ ಸಭೆ ಸೇರಿಸಿ, ಸ್ಟಾಕ್ ಕಾರ್ ರೇಸುಗಳನ್ನು ನಡೆಸುವ ನಾಸ್ಕಾರ್ ಸಂಸ್ಥೆಗೆ ಅಡಿಪಾಯ ಹಾಕಿದರು. ಆಗ ರೇಸು ನಡೆಯುತ್ತಿದ್ದುದು ಅರ್ಧ ಸಮುದ್ರ ತೀರದ ಮರಳಿನಲ್ಲಿ, ಅರ್ಧ ಪಕ್ಕದ ರಸ್ತೆಯಲ್ಲಿ. 1959ರಲ್ಲಿ ಈಗಿನ ಟ್ರ್ಯಾಕ್ ತೆರೆದಾಗ ವೇಗ ಒಮ್ಮೆಗೇ ಏರಿತು. ಕಾರು ಮಾತ್ರ ಮಾರುಕಟ್ಟೆಯ ಕಾರಿಗೆ ಬಹಳ ಹತ್ತಿರದ್ದಾಗಿಯೇ ಉಳಿದಿತ್ತು.

ಅದರ ಬೆಲೆ ತೆರಬೇಕಾಗಿ ಬಂದದ್ದು 1964ರಲ್ಲಿ. ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಆಗಿನ ಚಾಂಪಿಯನ್ ಜೋ ವೆದರ್ಲಿ ಸತ್ತರು. ಭುಜದ ಬೆಲ್ಟು ಕಟ್ಟಿರಲಿಲ್ಲ. ಅಪಘಾತದಲ್ಲಿ ತಲೆ ಕಿಟಕಿಯಿಂದ ಹೊರಬಂದು ಗೋಡೆಗೆ ಬಡಿಯಿತು. ಮೇ ತಿಂಗಳಲ್ಲಿ ಷಾರ್ಲೆಟ್‌ನಲ್ಲಿ, 1962ರ ಡೇಟೋನಾ 500 ಗೆದ್ದಿದ್ದ ಫೈರ್‌ಬಾಲ್ ರಾಬರ್ಟ್ಸ್ ಕಾರು ಮಗುಚಿ ಪೆಟ್ರೋಲ್ ಹೊತ್ತಿಕೊಂಡಿತು. ಸಹಸ್ಪರ್ಧಿ ನೆಡ್ ಜ್ಯಾರೆಟ್ ಅವರನ್ನು ಹೊರಗೆಳೆದರು, ಆದರೆ ಸುಟ್ಟಗಾಯಗಳಿಂದ ಜುಲೈ 2ರಂದು ರಾಬರ್ಟ್ಸ್ ತೀರಿಕೊಂಡರು.

ಬೆಂಕಿಗೆ ಉತ್ತರವಾಗಿ ಫ್ಯೂಯೆಲ್ ಸೆಲ್ ಬಂತು. ಉಕ್ಕಿನ ಪೆಟ್ಟಿಗೆಯೊಳಗೆ ಹರಿಯದ ರಬ್ಬರ್ ಚೀಲ, ಅದರೊಳಗೆ ಇಂಧನವನ್ನು ಹಿಡಿದಿಡುವ ಫೋಮ್. ಕಾರು ನುಜ್ಜುಗುಜ್ಜಾದರೂ ಪೆಟ್ರೋಲ್ ಸುಲಭವಾಗಿ ಚೆಲ್ಲದು. ಕಿಟಕಿಯ ಉತ್ತರ ಇನ್ನೂ ಸರಳ: ಒಂದು ಬಲೆ. ಆದರೆ ವೆದರ್ಲಿ ಸತ್ತು ವರ್ಷಗಳು ಕಳೆದರೂ ಅದು ಕಡ್ಡಾಯವಾಗಲಿಲ್ಲ. 1970ರಲ್ಲಿ ಡಾರ್ಲಿಂಗ್ಟನ್‌ನಲ್ಲಿ ರಿಚರ್ಡ್ ಪೆಟ್ಟಿಯ ಕಾರು ಉರುಳುತ್ತಿದ್ದಾಗ ಅವರ ತಲೆ, ತೋಳು ಕಿಟಕಿಯ ಹೊರಗೆ ಜೋತಾಡುವುದನ್ನು ಟಿವಿಯಲ್ಲಿ ಜನ ನೋಡಿದ ಮೇಲಷ್ಟೇ ಬಲೆಯ ನಿಯಮ ಬಂತು.

ವೇಗಕ್ಕೆ ಕಡಿವಾಣ

1987ರ ಹೊತ್ತಿಗೆ ಅಲಬಾಮಾದ ಟ್ಯಾಲಡೇಗಾ ಟ್ರ್ಯಾಕಿನಲ್ಲಿ ಬಿಲ್ ಎಲಿಯಟ್ ಗಂಟೆಗೆ 212.809 ಮೈಲಿ, ಅಂದರೆ 340 ಕಿಲೋಮೀಟರ್ ಮೀರಿದ ವೇಗದಲ್ಲಿ ಅರ್ಹತಾ ಸುತ್ತು ಮುಗಿಸಿದ್ದರು. ಅದೇ ರೇಸಿನಲ್ಲಿ ಬಾಬಿ ಆಲಿಸನ್ ಕಾರಿನ ಟೈರು ಹರಿದು, ಕಾರು ಹಿಮ್ಮುಖವಾಗಿ ತಿರುಗಿ ಗಾಳಿಗೆದ್ದು ಪ್ರೇಕ್ಷಕರ ಮುಂದಿನ ಬೇಲಿಯನ್ನು ಉದ್ದಕ್ಕೂ ಹರಿದುಹಾಕಿತು. ಬೇಲಿ ಇನ್ನಷ್ಟು ಸಡಿಲವಿದ್ದಿದ್ದರೆ ಕಾರು ಜನರ ಮೇಲೇ ಬೀಳುತ್ತಿತ್ತು.

ಮರುವರ್ಷದಿಂದ ಡೇಟೋನಾ ಮತ್ತು ಟ್ಯಾಲಡೇಗಾದಲ್ಲಿ ರೆಸ್ಟ್ರಿಕ್ಟರ್ ಪ್ಲೇಟ್ ಕಡ್ಡಾಯವಾಯಿತು. ಕಾರ್ಬ್ಯುರೇಟರಿನ ಕೆಳಗೆ ಕೂರುತ್ತಿದ್ದ ನಾಲ್ಕು ತೂತಿನ ಈ ಲೋಹದ ತಗಡು ಎಂಜಿನಿಗೆ ಹೋಗುವ ಗಾಳಿಯನ್ನು ಕಡಿಮೆ ಮಾಡಿ ಶಕ್ತಿಯನ್ನು ಇಳಿಸುತ್ತಿತ್ತು. ಇದರಿಂದ ವೇಗ ತಗ್ಗಿತು, ಆದರೆ ಹೊಸ ಅಪಾಯವೂ ಹುಟ್ಟಿತು. ಎಲ್ಲರ ಶಕ್ತಿಯೂ ಒಂದೇ ಆದಾಗ ಯಾರೂ ಗುಂಪಿನಿಂದ ಬಿಡಿಸಿಕೊಂಡು ಮುಂದೆ ಹೋಗಲಾರರು. ಒಬ್ಬ ತಪ್ಪಿದರೆ ಇಪ್ಪತ್ತು ಕಾರುಗಳು ಒಂದರ ಮೇಲೊಂದು ಬೀಳುತ್ತವೆ. ಅಭಿಮಾನಿಗಳು ಇದನ್ನು ‘ದಿ ಬಿಗ್ ಒನ್’ ಎಂದು ಕರೆಯುತ್ತಾರೆ.

ಹಿಮ್ಮುಖವಾದ ಕಾರು ವಿಮಾನದ ರೆಕ್ಕೆಯ ಹಾಗೆ ಮೇಲೇಳುವುದನ್ನು ತಡೆಯಲು 1994ರಿಂದ ಚಾವಣಿಯ ಮೇಲೆ ರೂಫ್ ಫ್ಲ್ಯಾಪ್‌ಗಳು ಬಂದವು. ಕಾರು ತಿರುಗಿದೊಡನೆ ಅವು ತಾವಾಗಿ ತೆರೆದುಕೊಂಡು ಗಾಳಿಯ ಎತ್ತುವ ಬಲವನ್ನು ಮುರಿಯುತ್ತವೆ. ಟೈರು ಬದಲಿಸಲು, ಇಂಧನ ತುಂಬಲು ಕಾರುಗಳು ನಿಲ್ಲುವ ಪಿಟ್ ರಸ್ತೆಗೆ ವೇಗಮಿತಿ ಬಂದದ್ದು 1991ರಲ್ಲಿ, ಅಟ್ಲಾಂಟಾದಲ್ಲಿ ಟೈರು ಬದಲಿಸುತ್ತಿದ್ದ ಸಿಬ್ಬಂದಿಯೊಬ್ಬರು ಕಾರಿಗೆ ಸಿಕ್ಕಿ ಸತ್ತ ಮೇಲೆ.

2001ರ ಫೆಬ್ರವರಿ 18

2000ನೇ ಇಸವಿಯಲ್ಲಿ ಮೂವರು ಚಾಲಕರು ತಲೆ, ಕತ್ತಿನ ಪೆಟ್ಟಿನಿಂದ ಸತ್ತರು: ಹತ್ತೊಂಬತ್ತರ ಆಡಂ ಪೆಟ್ಟಿ, ಕೆನ್ನಿ ಅರ್ವಿನ್, ಟೋನಿ ರೋಪರ್. ಕಾರು ಗೋಡೆಗೆ ಬಡಿದಾಗ ಬೆಲ್ಟು ದೇಹವನ್ನು ಹಿಡಿದಿಡುತ್ತದೆ. ಹೆಲ್ಮೆಟ್ ಹೊತ್ತ ತಲೆಯನ್ನು ಹಿಡಿಯುವವರಿಲ್ಲ. ಅದು ಮುಂದಕ್ಕೆ ಚಿಮ್ಮಿದ ರಭಸಕ್ಕೆ ತಲೆಬುರುಡೆಯ ತಳ ಬಿರಿಯುತ್ತದೆ.

ಇದಕ್ಕೆ ಪರಿಹಾರ ಆಗಲೇ ಇತ್ತು. 1981ರಲ್ಲಿ ಗೆಳೆಯನೊಬ್ಬನನ್ನು ಇಂಥದೇ ಅಪಘಾತದಲ್ಲಿ ಕಳೆದುಕೊಂಡ ಚಾಲಕ ಜಿಮ್ ಡೌನಿಂಗ್, ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ತಮ್ಮ ಭಾವ ರಾಬರ್ಟ್ ಹಬರ್ಡ್ ಅವರ ಮುಂದೆ ಸಮಸ್ಯೆಯನ್ನಿಟ್ಟರು. ಹಬರ್ಡ್ ರೂಪಿಸಿದ ಹ್ಯಾನ್ಸ್ ಸಾಧನ ಭುಜದ ಮೇಲೆ ಬೆಲ್ಟಿನಡಿ ಕೂರುವ ಗಟ್ಟಿ ಕೊರಳಪಟ್ಟಿ. ಅದರಿಂದ ಹೆಲ್ಮೆಟ್ಟಿಗೆ ಎರಡು ಪಟ್ಟಿಗಳು. ದೇಹ ನಿಂತರೆ ತಲೆಯೂ ನಿಲ್ಲುತ್ತದೆ. ಕುತ್ತಿಗೆ ತಿರುಗಿಸಲು ಕಷ್ಟ, ತೊಡಕು ಎಂದು ಬಹುಪಾಲು ಚಾಲಕರು ಅದನ್ನು ದೂರವಿಟ್ಟರು. ಸಂಸ್ಥೆಯೂ ಒತ್ತಾಯಿಸಲಿಲ್ಲ.

2001ರ ಡೇಟೋನಾ 500ರ ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಏಳು ಬಾರಿಯ ಚಾಂಪಿಯನ್ ಡೇಲ್ ಅರ್ನ್‌ಹಾರ್ಟ್ ಕಾರು ಕಾಂಕ್ರೀಟ್ ಗೋಡೆಗೆ ಬಡಿಯಿತು. ನೋಡುವವರಿಗೆ ಅದು ಘೋರ ಅಪಘಾತದಂತೆ ಕಾಣಲೂ ಇಲ್ಲ. ತಲೆಬುರುಡೆಯ ತಳ ಬಿರಿದು ಅರ್ನ್‌ಹಾರ್ಟ್ ಸತ್ತರು. ಆಗಸ್ಟಿನಲ್ಲಿ ತನಿಖಾ ವರದಿ ಬಂತು. ಅಕ್ಟೋಬರಿನಲ್ಲಿ ಷಾರ್ಲೆಟ್‌ನಲ್ಲಿ ಆರ್ಕಾ ಎಂಬ ಇನ್ನೊಂದು ಸ್ಟಾಕ್ ಕಾರ್ ಸರಣಿಯ ರೇಸಿನಲ್ಲಿ ಬ್ಲೇಸ್ ಅಲೆಕ್ಸಾಂಡರ್ ಸತ್ತ ಮೇಲೆ ನಾಸ್ಕಾರ್ ತಲೆ-ಕತ್ತಿನ ರಕ್ಷಾಕವಚವನ್ನು ಕಡ್ಡಾಯ ಮಾಡಿತು. ಆ ಬಳಿಕ ನಾಸ್ಕಾರ್‌ನ ಮೂರು ರಾಷ್ಟ್ರೀಯ ಸರಣಿಗಳಲ್ಲಿ ಯಾವ ಚಾಲಕನೂ ರೇಸಿನಲ್ಲಿ ಪ್ರಾಣ ಕಳೆದುಕೊಂಡಿಲ್ಲ. ಇಂಥ ಸಾಧನವೊಂದು ವರ್ಷಗಟ್ಟಲೆ ಕಾದು ಕೂತಿತ್ತು ಎಂಬುದನ್ನು ಮರೆಯಬಾರದು.

ಗೋಡೆ, ಕಾರು, ವೈದ್ಯರು

ಅರ್ನ್‌ಹಾರ್ಟ್ ಸಾವಿನ ನಂತರ ಸುರಕ್ಷತೆ ಸಂಶೋಧನೆಯ ವಿಷಯವಾಯಿತು. ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಡೀನ್ ಸಿಕಿಂಗ್ ತಂಡ ರೂಪಿಸಿದ ಸೇಫರ್ ಗೋಡೆ 2002ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಮೊದಲು ನಿಂತಿತು. ಕಾಂಕ್ರೀಟಿನ ಮುಂದೆ ಫೋಮ್ ಗಟ್ಟಿಗಳು, ಅವುಗಳ ಮುಂದೆ ಚೌಕಾಕಾರದ ಉಕ್ಕಿನ ಕೊಳವೆಗಳು. ಕಾರು ಬಡಿದಾಗ ಗೋಡೆ ಒಳಸರಿದು ಪೆಟ್ಟನ್ನು ಹೆಚ್ಚು ಹೊತ್ತಿಗೆ, ಹೆಚ್ಚು ಜಾಗಕ್ಕೆ ಹಂಚುತ್ತದೆ. 2003ರಲ್ಲಿ ಉತ್ತರ ಕೆರೊಲಿನಾದ ಕಾನ್ಕರ್ಡ್‌ನಲ್ಲಿ ನಾಸ್ಕಾರ್ ಸ್ವಂತ ಸಂಶೋಧನಾ ಕೇಂದ್ರ ತೆರೆಯಿತು. 2007ರ ಹೊಸ ಕಾರಿನಲ್ಲಿ ಚಾಲಕನ ಆಸನ ಬಾಗಿಲಿನಿಂದ ನಾಲ್ಕು ಇಂಚು ಒಳಗೆ ಸರಿಯಿತು.

ಆದರೂ ಹಳೆಯ ಚಾಳಿ ಪೂರ್ತಿ ಹೋಗಲಿಲ್ಲ. 2015ರಲ್ಲಿ ಡೇಟೋನಾ 500ರ ಹಿಂದಿನ ದಿನದ ರೇಸಿನಲ್ಲಿ ಕೈಲ್ ಬುಷ್ ಕಾರು ಒಳಬದಿಯ ಬರಿಯ ಕಾಂಕ್ರೀಟಿಗೆ ಗುದ್ದಿ ಅವರ ಕಾಲು ಮುರಿಯಿತು. ಸೇಫರ್ ಗೋಡೆ ಬಂದು ಹದಿಮೂರು ವರ್ಷವಾಗಿದ್ದರೂ ಆ ಜಾಗಕ್ಕೆ ಅದು ತಲುಪಿರಲಿಲ್ಲ. ಟ್ರ್ಯಾಕಿನ ಆಡಳಿತವು ಲೋಪವನ್ನು ಅಂದೇ ಒಪ್ಪಿಕೊಂಡು ಉಳಿದ ಭಾಗಕ್ಕೂ ಗೋಡೆ ಹಾಕಿಸಿತು.

2017ರಿಂದ ಪ್ರತಿ ರೇಸಿಗೂ ಪ್ರಯಾಣಿಸುವ ತುರ್ತು ವೈದ್ಯರ ತಂಡ ಬಂತು. 2020ರ ಡೇಟೋನಾ 500ರ ಕೊನೆಯಲ್ಲಿ ರಯಾನ್ ನ್ಯೂಮನ್ ಕಾರು ಮಗುಚಿ, ಇನ್ನೊಂದು ಕಾರು ಅವರ ಬದಿಗೇ ಬಂದು ಗುದ್ದಿದಾಗ ಈ ಏರ್ಪಾಡೆಲ್ಲ ಪರೀಕ್ಷೆಗೆ ಒಳಗಾಯಿತು. ಎರಡು ದಿನದಲ್ಲಿ ನ್ಯೂಮನ್ ಮಕ್ಕಳ ಕೈ ಹಿಡಿದು ಆಸ್ಪತ್ರೆಯಿಂದ ನಡೆದು ಹೊರಬಂದರು.

ಬೇಲಿಯ ಆಚೆ ಕೂತವರು

ಚಾಲಕನ ರಕ್ಷಣೆಗೆ ಸಿಕ್ಕ ಗಮನ ಪ್ರೇಕ್ಷಕರಿಗೆ ಅಷ್ಟು ಬೇಗ ಸಿಗಲಿಲ್ಲ. ಅಪಾಯವನ್ನು ಅರಿತೇ ಕಾರಿಗೆ ಹತ್ತುವ ಚಾಲಕನಿಗಿಂತ, ಟಿಕೆಟ್ ಕೊಂಡು ಮಕ್ಕಳೊಂದಿಗೆ ಕೂತವರ ಮೇಲಿನ ಹೊಣೆ ದೊಡ್ಡದು. 1999ರಲ್ಲಿ ಷಾರ್ಲೆಟ್‌ನಲ್ಲಿ ನಡೆದ ಇಂಡಿ ಕಾರು ರೇಸಿನಲ್ಲಿ ಚಿಮ್ಮಿದ ಚಕ್ರ ಮೂವರು ಪ್ರೇಕ್ಷಕರನ್ನು ಬಲಿ ತೆಗೆದುಕೊಂಡಿತು. ಚಕ್ರಗಳನ್ನು ಕಾರಿಗೆ ಬಿಗಿಯುವ ಹಗ್ಗಗಳತ್ತ ಗಮನ ಹರಿದದ್ದು ಇಂಥ ದುರಂತಗಳಿಂದ. 2013ರಲ್ಲಿ ಡೇಟೋನಾದಲ್ಲೇ ಕೈಲ್ ಲಾರ್ಸನ್ ಕಾರು ಬೇಲಿಗೆ ಅಪ್ಪಳಿಸಿತು. ಪ್ರೇಕ್ಷಕರು ಓಡಾಡಲೆಂದು ಬೇಲಿಯಲ್ಲಿ ಬಿಟ್ಟ ಗೇಟಿನ ಬಳಿ ಅದು ಹರಿದು, ಚಕ್ರ ಗ್ಯಾಲರಿಗೆ ಬಿದ್ದು ಕನಿಷ್ಠ 28 ಮಂದಿ ಗಾಯಗೊಂಡರು. 2015ರ ಜುಲೈನಲ್ಲಿ ಆಸ್ಟಿನ್ ಡಿಲನ್ ಕಾರು ಅದೇ ಟ್ರ್ಯಾಕಿನ ಬೇಲಿಗೆ ಹಾರಿದಾಗ ಬಲಪಡಿಸಿದ ಬೇಲಿ ಕಾರನ್ನು ಹಿಂದಕ್ಕೆ ತಳ್ಳಿತು. ಪ್ರೇಕ್ಷಕರಿಗೆ ಆದದ್ದು ಸಣ್ಣಪುಟ್ಟ ಗಾಯ.

ಅಪಾಯ ಕಾರಿನಿಂದಲೇ ಬರಬೇಕೆಂದಿಲ್ಲ. 2000ದಲ್ಲಿ ಷಾರ್ಲೆಟ್‌ನಲ್ಲಿ ರೇಸು ಮುಗಿಸಿ ಹೊರಟವರ ಕಾಲಡಿ ಕಾಲುಸೇತುವೆ ಮುರಿದು ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಗಾರೆಯಲ್ಲಿ ಬೆರೆಸಿದ್ದ ಕ್ಯಾಲ್ಸಿಯಂ ಕ್ಲೋರೈಡ್ ಒಳಗಿನ ಉಕ್ಕಿನ ತಂತಿಗಳನ್ನು ತಿಂದುಹಾಕಿತ್ತು. 2012ರಲ್ಲಿ ಪೆನ್ಸಿಲ್ವೇನಿಯಾದ ಪೊಕೊನೊದಲ್ಲಿ ಸಿಡಿಲಿಗೆ ಒಬ್ಬ ಪ್ರೇಕ್ಷಕ ಬಲಿಯಾದ, ಒಂಬತ್ತು ಮಂದಿ ಗಾಯಗೊಂಡರು. ಈಗ ಟ್ರ್ಯಾಕಿನಿಂದ ಎಂಟು ಮೈಲಿಯೊಳಗೆ ಮಿಂಚು ಕಂಡರೆ ರೇಸು ಅರ್ಧ ಗಂಟೆ ನಿಲ್ಲುತ್ತದೆ. ಮತ್ತೆ ಮಿಂಚಿದರೆ ಲೆಕ್ಕ ಮೊದಲಿನಿಂದ.

ಗೇಟು ಮತ್ತು ಆಕಾಶ

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ನ್ಯೂ ಹ್ಯಾಂಪ್‌ಶೈರ್ ರೇಸು ನವೆಂಬರಿಗೆ ಮುಂದೂಡಲ್ಪಟ್ಟಿತು. ಅಂದಿನಿಂದ ಲಕ್ಷ ಜನ ಸೇರುವ ಜಾಗವೇ ದಾಳಿಯ ಗುರಿಯಾಗಬಹುದೆಂಬ ಎಚ್ಚರ ಮೂಡಿತು. ಮೂವತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚು ಆಸನಗಳಿರುವ ಕ್ರೀಡಾಂಗಣಗಳ ಜೊತೆಗೆ ನಾಸ್ಕಾರ್‌ನ ಪ್ರಮುಖ ರೇಸುಗಳಿಗೂ ಆಕಾಶ ನಿರ್ಬಂಧ ಬಂತು. ರೇಸಿಗೆ ಒಂದು ಗಂಟೆ ಮೊದಲಿನಿಂದ ಒಂದು ಗಂಟೆ ನಂತರದವರೆಗೆ, ಮೂರು ನಾಟಿಕಲ್ ಮೈಲಿ ತ್ರಿಜ್ಯದ ವ್ಯಾಪ್ತಿಯಲ್ಲಿ, ಮೂರು ಸಾವಿರ ಅಡಿಯ ಕೆಳಗೆ ಅನುಮತಿಯಿಲ್ಲದೆ ವಿಮಾನವಾಗಲಿ ಡ್ರೋನ್ ಆಗಲಿ ಹಾರುವಂತಿಲ್ಲ. ಅಮೆರಿಕದ ಅಧ್ಯಕ್ಷರು ಬಂದಾಗ, 2004ರಲ್ಲಿ ಜಾರ್ಜ್ ಬುಷ್, 2020ರಲ್ಲಿ ಡೊನಾಲ್ಡ್ ಟ್ರಂಪ್ ಬಂದಂತೆ, ಸೀಕ್ರೆಟ್ ಸರ್ವಿಸ್ ತಪಾಸಣೆಯೂ ಸೇರಿಕೊಳ್ಳುತ್ತದೆ. 2016ಕ್ಕೆ ಮುಗಿದ 40 ಕೋಟಿ ಡಾಲರ್ ವೆಚ್ಚದ ನವೀಕರಣ ಡೇಟೋನಾಗೆ ಅಗಲವಾದ ಪ್ರವೇಶದ್ವಾರಗಳನ್ನೂ ಎಸ್ಕಲೇಟರುಗಳನ್ನೂ ಕೊಟ್ಟಿತು. ಜನಸಂದಣಿ ಸರಾಗವಾಗಿ ಹರಿಯುವುದೂ ಭದ್ರತೆಯ ಭಾಗವೇ.

ಬಾಕಿ ಉಳಿದ ಕೆಲಸ

2022ರಲ್ಲಿ ಬಂದ ನೆಕ್ಸ್ಟ್ ಜೆನ್ ಕಾರು ಹಿಂಭಾಗದಲ್ಲಿ ತೀರಾ ಬಿಗಿಯಾಗಿತ್ತು. ಹಿಂದಿನಿಂದ ಗೋಡೆಗೆ ತಾಗಿದ ಪೆಟ್ಟು ನೇರ ಚಾಲಕನ ತಲೆಗೆ ಮುಟ್ಟುತ್ತಿತ್ತು. ಚಾಲಕರು ಎಚ್ಚರಿಸಿದ್ದರು. ಪೊಕೊನೊದಲ್ಲಿ ಕರ್ಟ್ ಬುಷ್ ಮಿದುಳಿಗೆ ಪೆಟ್ಟಾಗಿ ಪೂರ್ಣಾವಧಿ ರೇಸಿಂಗ್ ಬಿಡಬೇಕಾಯಿತು. 2023ಕ್ಕೆ ಹಿಂಭಾಗದ ಚೌಕಟ್ಟನ್ನು ಮೃದುಗೊಳಿಸಲಾಯಿತು. ಹಳೆಯ ಕ್ರಮವೇ ಇಲ್ಲಿಯೂ ಮರುಕಳಿಸಿತು, ಆದರೆ ತಿದ್ದಲು ಹಲವು ವರ್ಷಗಳಲ್ಲ, ಒಂದು ವರ್ಷ ಸಾಕಾಯಿತು. ಈ ಆರು ದಶಕದಲ್ಲಿ ಗಳಿಸಿದ್ದೇನಾದರೂ ಇದ್ದರೆ ಅದು ಈ ಅಂತರ ಕಡಿಮೆಯಾದದ್ದು. ಗೊತ್ತಿರುವ ಪರಿಹಾರಕ್ಕೂ ಜಾರಿಯಾಗುವ ನಿಯಮಕ್ಕೂ ನಡುವಿನ ದಿನಗಳಲ್ಲಿ ಜೀವಗಳು ಹೋಗುತ್ತವೆ. ಸಂಘಟಕರ ಕೆಲಸವನ್ನು ಅಳೆಯಬೇಕಾದದ್ದು ಆ ದಿನಗಳನ್ನು ಅವರೆಷ್ಟು ಕಡಿಮೆ ಮಾಡಿದರು ಎಂಬುದರಿಂದ.